ಏರ್‌ಪೋರ್ಟ್ ತಪಾಸಣೆಯಲ್ಲಿ ಸಿಕ್ಕಿಬಿದ್ದ ಜೇಬುಚಾಕು ವಾಪಸ್ ಸಿಗುತ್ತಾ?

ಅಲ್ಲೇ ಬಿಟ್ಟು ಹೋದರೆ ಆಸೆ ಬಿಡಿ. ಬೆಲ್ಟ್ ಮೇಲೆ ಹೋದ ಬ್ಯಾಗು ಪಕ್ಕದ ಸಾಲಿಗೆ ತಿರುಗಿದಾಗಲೇ ಕೀ ಗೊಂಚಲಿನ ಪುಟ್ಟ ಚಾಕು ನೆನಪಾಗೋದು, ಅಲ್ವಾ? ಇಂಥ ತಪಾಸಣೆಗಳಿಂದಾಗಿ ನಾನೇ ಎರಡು ಕಳೆದುಕೊಂಡಿದ್ದೇನೆ. ಎರಡನೆಯದಕ್ಕೆ ಹಿಡಿ ಸವೆದು ನುಣ್ಣಗಾಗಿತ್ತು. ಈಗಲೂ ಹೊಟ್ಟೆ ಉರಿಯುತ್ತೆ.

ಆದರೆ ಸುಮ್ನೆ ಡಬ್ಬಿಗೆ ಹಾಕಬೇಡಿ. ಟೈಮ್ ಇದ್ದರೆ ಹೊರಗೆ ಹೋಗಿ ಬರ್ತೀನಿ ಅಂತ ಕೇಳಿ. ಬೀಳ್ಕೊಡಲು ಬಂದವರು ಇನ್ನೂ ಅಲ್ಲೇ ಇದ್ದರೆ ಅವರ ಕೈಗೆ ಕೊಡಿ, ಇಲ್ಲವೇ ಚೆಕ್-ಇನ್ ಲಗೇಜಿಗೆ ಸೇರಿಸಿ. ಕೆಲವು ಕಡೆ ಮನೆಗೆ ಅಂಚೆಯಲ್ಲಿ ಕಳಿಸುವ ಏರ್ಪಾಡೂ ಇರುತ್ತೆ.

'ಹೋಗುವಾಗ ಬಿಟ್ಟಿದ್ದರಲ್ಲ' ಅನ್ನೋ ವಾದ ನಡೆಯಲ್ಲ, ಎಲ್ಲ ಕಡೆ ಒಂದೇ ನಿಯಮ ಇರಲ್ಲ. ಯುರೋಪಿಯನ್ ಒಕ್ಕೂಟದ ನಿಯಮ ತಡೆಯುವುದು 6 ಸೆಂ.ಮೀ.ಗಿಂತ ಉದ್ದದ ಅಲಗನ್ನು. ಅಮೆರಿಕದಲ್ಲಿ ಗಿಡ್ಡ ಚಾಕುವಿಗೂ ಕ್ಯಾಬಿನ್‌ನಲ್ಲಿ ಜಾಗವಿಲ್ಲ. 2013ರಲ್ಲಿ ಅಲ್ಲಿ ಚಿಕ್ಕ ಚಾಕು ಬಿಡಲು ಹೊರಟಿದ್ದರು. ವಿಮಾನ ಸಿಬ್ಬಂದಿ ಜಾಸ್ತಿ ಗಲಾಟೆ ಮಾಡಿದ್ದಕ್ಕೆ ಕೈಬಿಟ್ಟರು.

ಕೋರ್ಟು, ಮ್ಯೂಸಿಯಂಗಳಲ್ಲಿ ಸ್ವಲ್ಪ ವಾಸಿ. ಟೋಕನ್ ಕೊಟ್ಟು ಇಟ್ಟುಕೊಳ್ತೀರಾ ಅಂತ ಕೇಳಿ ನೋಡಿ. ಇಲ್ಲ ಅಂದರೆ ಗಾಡಿಯಲ್ಲಿಟ್ಟು ಬನ್ನಿ. ಹೂಕುಂಡದ ಹಿಂದೆ ಮಾತ್ರ ಬಚ್ಚಿಡಬೇಡಿ. ನನ್ನ ಮೊದಲನೆಯದು ಹೋಗಿದ್ದೇ ಹಾಗೆ.