ಎರಡನೇ ಕೀಪರ್ ಆಗಿರುವ ಮಗನನ್ನು ಫಾರ್ವರ್ಡ್ ಆಡಿಸಬೇಕಾ?

15 ವರ್ಷದ ಮಗ ಹಾಕಿ ಗೋಲ್‌ಕೀಪರ್, ವರ್ಷವಿಡೀ ಬೆಂಚಿನಲ್ಲೇ ಇದ್ದಾನೆ, ಫಾರ್ವರ್ಡ್ ಆಡಿಸಲಾ ಅಂತ ಕೇಳಿದ್ದೀರಿ. ಬೇಡ. ದಯವಿಟ್ಟು ಬೇಡ. ನಾನೂ ಹಾಗೇ ಕೀಪಿಂಗ್ ಬಿಟ್ಟು ಬೇರೆ ಜಾಗಕ್ಕೆ ಹೋಗಿ ಆಟ ಕಳೆದುಕೊಂಡವನು.

ನಮ್ಮದು ಕೊಡಗು. ಒಂದೊಂದು ಮನೆತನವೂ ಒಂದೊಂದು ಹಾಕಿ ತಂಡ ಕಟ್ಟುವ ಜಿಲ್ಲೆ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತದ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಟೈಬ್ರೇಕರ್‌ನಲ್ಲಿ ಕೊರಿಯಾದವರನ್ನು ತಡೆದರು. 32 ವರ್ಷಗಳ ನಂತರ ಚಿನ್ನ ಬಂತು. ಅವತ್ತೇ ನಾನು ಕೀಪರ್ ಆಗಬೇಕು ಅಂತ ಹಟ ಹಿಡಿದೆ. ಕ್ರೀಡಾ ಹಾಸ್ಟೆಲ್ ಸೇರಿದೆ. ಅಲ್ಲಿ ನನಗಿಂತ ಎರಡು ವರ್ಷ ದೊಡ್ಡವನೊಬ್ಬ ಮೊದಲ ಕೀಪರ್. ಎರಡು ಸೀಸನ್‌ನಲ್ಲಿ ನನಗೆ ಸಿಕ್ಕಿದ್ದು ಮೂರೇ ಮ್ಯಾಚ್. 18ಕ್ಕೆ ಕೋಚ್ ಹತ್ತಿರ ಹೋಗಿ, 'ಸರ್, ಫುಲ್‌ಬ್ಯಾಕ್ ಆಡಿಸಿ' ಅಂದೆ, ಅಂದರೆ ಗೋಲಿನ ಮುಂದೆ ನಿಂತು ತಡೆಯುವ ಆಟಗಾರನಾಗಿ. ಬೇಡ ಅಂದರು. ನಾನು ಕೇಳಲಿಲ್ಲ.

ನಾನು ಎಡವಿದ್ದು ಇಲ್ಲೇ. ಬೆಂಚಿನಲ್ಲಿದ್ದರೆ ಏನೂ ಕಲಿಯೋಕಾಗಲ್ಲ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿ. ಮ್ಯಾಚಿನಲ್ಲಿ ನಮ್ಮ ಕೀಪರ್‌ಗೆ ಬರುತ್ತಿದ್ದದ್ದು ಐದಾರು ಗಟ್ಟಿ ಹೊಡೆತ. ನಾಳೆ ಮ್ಯಾಚ್ ಅಂದರೆ ಅವನನ್ನು ಪ್ರಾಕ್ಟೀಸ್‌ನಿಂದ ಬೇಗ ಬಿಡುತ್ತಿದ್ದರು. ಡ್ರ್ಯಾಗ್‌ಫ್ಲಿಕ್ (ಬಾಲನ್ನು ಸ್ಟಿಕ್‌ನಿಂದ ಎಳೆದು ಗೋಲಿಗೆ ಎಸೆಯುವ ಹೊಡೆತ) ಮಾಡುವವರು ಕತ್ತಲಾಗುವ ತನಕ ನನ್ನ ಮೇಲೇ ಹೊಡೆಯುತ್ತಿದ್ದರು. ಬರಬರುತ್ತಾ, ಅವರ ಎಡಗಾಲು ಎಲ್ಲಿ ಊರುತ್ತದೆ ಅಂತ ನೋಡಿಯೇ ಬಾಲ್ ಯಾವ ಮೂಲೆಗೆ ಬರುತ್ತೆ ಅಂತ ಗೊತ್ತಾಗುತ್ತಿತ್ತು. ಅದೇ ವಿದ್ಯೆ ಅಂತ ನನಗೆ ಹೊಳೆಯಲೇ ಇಲ್ಲ. ಕಂಡಿದ್ದು ತೊಡೆಯ ಮೇಲಿನ ಬಾವು ಮಾತ್ರ. ಕೈಗೆ ಬಂದಿದ್ದನ್ನು ಬಿಟ್ಟು, ಚಿಕ್ಕಂದಿನಿಂದ ಸ್ಟಿಕ್ ಹಿಡಿದು ಓಡಿದ ಹುಡುಗರ ಜೊತೆ ಪೈಪೋಟಿಗೆ ನಿಂತೆ. ನನಗೆ ಬಾಲ್ ಟ್ರ್ಯಾಪ್ ಮಾಡೋದೇ ಸರಿಯಾಗಿ ಬರುತ್ತಿರಲಿಲ್ಲ. ಆರು ತಿಂಗಳಲ್ಲಿ ತಂಡದಿಂದ ಹೊರಗೆ. ಅದೇ ವರ್ಷ ಮೊದಲ ಕೀಪರ್ ಕೆಲಸ ಸಿಕ್ಕಿ ಹೊರಟ. ನಾನು ಬಿಟ್ಟ ಪ್ಯಾಡ್ ಕಟ್ಟಿಕೊಂಡು ಮೂರನೇ ಹುಡುಗ ಗೋಲಿನಲ್ಲಿ ನಿಂತ.

'ವರ್ಷ ಹಾಳಾಗುತ್ತಿದೆ' ಅಂತ ಬರೆದಿದ್ದೀರಲ್ಲ, ಅದನ್ನೇ ನಾನು ಒಪ್ಪಲ್ಲ. ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ 2006ರಲ್ಲೇ ಭಾರತ ತಂಡಕ್ಕೆ ಬಂದವರು. ಏಡ್ರಿಯನ್ ಡಿಸೋಜಾ, ಭರತ್ ಚೆಟ್ರಿ ಕೀಪರ್‌ಗಳಾಗಿದ್ದಾಗ ವರ್ಷಗಟ್ಟಲೆ ಕಾದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಕೊನೆಯ ಪೆನಾಲ್ಟಿ ಕಾರ್ನರ್ ತಡೆದು ಕಂಚು ಉಳಿಸಿದಾಗ ಅವರಿಗೆ 33. ಪ್ಯಾರಿಸ್‌ನಲ್ಲಿ ಮತ್ತೊಂದು ಕಂಚು ಗೆದ್ದು ನಿವೃತ್ತಿಯಾದಾಗ 36. ಫಾರ್ವರ್ಡ್‌ಗಳಲ್ಲಿ ಆ ವಯಸ್ಸಿನ ತನಕ ಆಡುವವರು ಎಷ್ಟು ಜನ ಸಿಗ್ತಾರೆ ಹೇಳಿ?

ದುಡ್ಡು ಹಾಕೋದಾದರೆ ಕಿಟ್‌ಗೆ ಹಾಕಿ. ಶ್ರೀಜೇಶ್ ಅಪ್ಪ ಹಸು ಮಾರಿ ಮಗನಿಗೆ ಪ್ಯಾಡ್ ಕೊಡಿಸಿದ್ದರು. ಹಾಸ್ಟೆಲಿನ ಹಳೇ ಹೆಲ್ಮೆಟ್ ನನ್ನ ತಲೆ ಮೇಲೆ ಅಲ್ಲಾಡುತ್ತಿತ್ತು. ಅದಕ್ಕೇ ಎತ್ತರದ ಬಾಲ್ ಬಂದರೆ ಹೆದರಿ ಕಣ್ಣು ಮುಚ್ಚುತ್ತಿದ್ದೆ. ಹೆಲ್ಮೆಟ್ ಅವನದೇ ಅಳತೆಯದು ಇರಲಿ.

ಇನ್ನೊಂದು. ಅವನು ಮನೆಗೆ ಬಂದಾಗ 'ಇವತ್ತು ಆಡಿಸಿದರಾ' ಅಂತ ಕೇಳಬೇಡಿ. ನಮ್ಮಪ್ಪ ಪ್ರತಿ ಭಾನುವಾರ ಫೋನಿನಲ್ಲಿ ಅದನ್ನೇ ಕೇಳುತ್ತಿದ್ದರು. ಪ್ರಾಕ್ಟೀಸ್‌ನಲ್ಲಿ ಎಷ್ಟು ಬಾಲ್ ತಡೆದೆ ಅಂತ ಕೇಳಿ.