ನೀವು ಕೇಳಿದಿರಿ: ಕೀಮೋ ವಾರ್ಡಿನ ಸಂದೇಹಗಳು

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್. ಮುಂದಿನ ವಾರ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೊದಲ ಕೀಮೋ. ಡ್ರಿಪ್ ಎರಡು ಮೂರು ತಾಸಿನದಂತೆ. ಮತ್ತೆ ಇಡೀ ದಿನ ಇರಬೇಕು ಅಂತಾರಲ್ಲ, ಯಾಕೆ? ಏನೇನು ಒಯ್ಯಬೇಕು? (ಓದುಗರು, ಹಾವೇರಿ)

ಡ್ರಿಪ್‌ಗಿಂತ ಅದಕ್ಕೆ ಮುಂಚಿನ ಕಾಯುವಿಕೆಯೇ ಉದ್ದ. ಮೊದಲು ರಕ್ತಪರೀಕ್ಷೆ. ಸಾಮಾನ್ಯವಾಗಿ ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ) 1,500, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಒಂದು ಲಕ್ಷ ದಾಟಿದ್ದರೆ ಡಾಕ್ಟರು ಸಹಿ ಹಾಕುತ್ತಾರೆ. ಎತ್ತರ, ತೂಕ ನೋಡಿ ಡೋಸ್ ಲೆಕ್ಕ ಹಾಕಿದ ಮೇಲೆ ಔಷಧಿ ಬೆರೆಸುತ್ತಾರೆ. ಮೊದಲೇ ಬೆರೆಸಿಟ್ಟರೆ ಕೆಲವು ಔಷಧಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಈ ಕಣಗಳ ಕೌಂಟ್ ಕಡಿಮೆ ಬಂದರೆ ದುಬಾರಿ ಔಷಧಿಯೂ ದಂಡ. ಆಮೇಲೆ ವಾಂತಿ ತಡೆಯುವ ಇಂಜೆಕ್ಷನ್, ಸ್ಟೀರಾಯ್ಡ್. ಅದಾಗಿ ಅರ್ಧ ಗಂಟೆಗೆ ಕೀಮೋ. ಹಿಂದಿನ ದಿನ ನಿಮ್ಮೂರಿನಲ್ಲೇ ಮಾಡಿಸಿದ ರಿಪೋರ್ಟ್ ಒಪ್ಪುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಒಪ್ಪಿದರೆ ಒಂದೆರಡು ತಾಸು ಉಳಿಯುತ್ತದೆ.

ಫೈಲ್ ಪೂರ್ತಿ ಇರಲಿ, ಜೊತೆಗೆ ಆಧಾರ್, ರೇಷನ್ ಕಾರ್ಡ್. ಮೈಮೇಲೆ ಸಡಿಲ ತೋಳಿನ ಬಟ್ಟೆ, ಹೊದೆಯಲು ಶಾಲು, ಕಾಲುಚೀಲ. ಖಾಲಿ ಹೊಟ್ಟೆಯಲ್ಲಿ ಕೂರಿಸಬೇಡಿ, ಎರಡು ಇಡ್ಲಿಯಾದರೂ ಇಳಿಯಲಿ. ಆದರೆ ಪ್ರೀತಿಯಿಂದ ಅಮ್ಮನಿಗೆ ಇಷ್ಟದ ಹೋಳಿಗೆ ಕಟ್ಟಿಕೊಂಡು ಹೋಗಬೇಡಿ. ಅವತ್ತು ವಾಂತಿಯಾದರೆ ಆ ತಿಂಡಿ ಕಂಡರೇ ಮುಂದೆ ಹೊಟ್ಟೆ ತೊಳಸುತ್ತದೆ, ಎಷ್ಟೋ ಜನಕ್ಕೆ ವರ್ಷಗಟ್ಟಲೆ.

ಡ್ರಿಪ್ ಹಾಕಿದ ಮೇಲೆ ಜೊತೆಗೆ ಬಂದವರು ಮಾಡುವ ದೊಡ್ಡ ತಪ್ಪು ಒಂದಿದೆ: ಬಸ್ಸಿಗೆ ಹೊತ್ತಾಯಿತೆಂದು ಟ್ಯೂಬಿನ ಮೇಲಿನ ಪುಟ್ಟ ಚಕ್ರ ತಿರುಗಿಸಿ ಹನಿ ಜೋರು ಮಾಡುವುದು. ಅದಕ್ಕೆ ಕೈ ಹಚ್ಚಲೇಬೇಡಿ. ಶೌಚಕ್ಕೆ ಹೋಗುವಾಗ ಸ್ಟ್ಯಾಂಡ್ ಸಮೇತ ಹೋಗಿ. ಬಾಟಲಿ ಕೈಗಿಂತ ಕೆಳಗಿಳಿದರೆ ರಕ್ತ ಟ್ಯೂಬಿಗೆ ಹಿಂದಕ್ಕೆ ಬರುತ್ತದೆ. ಸೂಜಿಯ ಜಾಗ ಉರಿದರೆ, ಊದಿದರೆ, ಕೆಂಪಾದರೆ ಆ ಕ್ಷಣವೇ ಸಿಸ್ಟರನ್ನು ಕರೆಯಿರಿ. ‘ಇನ್ನೇನು ಮುಗಿಯಿತು, ತಡೆದುಕೋ’ ಅನ್ನುವ ಮಾತು ಇಲ್ಲಿ ಅಪಾಯ: ಡಾಕ್ಸೊರುಬಿಸಿನ್‌ನಂಥ ಕೆಂಪು ಔಷಧಿ ನರದಿಂದ ಹೊರಗೆ ಸೋರಿದರೆ ಮಾಂಸವೇ ಸುಟ್ಟುಹೋಗುತ್ತದೆ. ಅದೇ ಔಷಧಿಯಿಂದ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ. ಅದು ರಕ್ತವಲ್ಲ, ಗಾಬರಿ ಬೇಡ.

ಪ್ರಶ್ನೆ: ಬಾಯಿ ತುಂಬ ಹುಣ್ಣು, ಸಾರು ತಾಗಿದರೂ ಉರಿ. ಎಳನೀರು, ಹಣ್ಣು ಕೊಡಬಹುದೇ? (ಓದುಗರು, ಮಂಡ್ಯ)

ಒಂದು ಲೀಟರ್ ನೀರು ಕುದಿಸಿ ಆರಿಸಿ, ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಕದಡಿ. ಬೇಕಿಂಗ್ ಪೌಡರ್ ಬೇರೆ, ಅದು ಬೇಡ. ಊಟದ ನಂತರ, ಮಲಗುವ ಮುಂಚೆ, ಒಟ್ಟು ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಿ ಉಗುಳಲಿ. ದಿನಾ ಹೊಸದಾಗಿ ಮಾಡಿಕೊಳ್ಳಿ. ಅಂಗಡಿಯ ಮೌತ್‌ವಾಶ್‌ನಲ್ಲಿ ಆಲ್ಕೋಹಾಲ್ ಇದ್ದರೆ ಹುಣ್ಣು ಇನ್ನೂ ಉರಿಯುತ್ತದೆ. ಬ್ರಷ್ ಮೆತ್ತನೆಯದು.

ರಾಗಿ ಗಂಜಿ, ಕಲಸಿದ ಮೊಸರನ್ನ, ಪೂರ್ತಿ ಬೆಂದ ಮೊಟ್ಟೆ, ಎಲ್ಲವೂ ಆರಿದ ಮೇಲೆ. ಬಾಯಲ್ಲಿ ಕಬ್ಬಿಣದ ರುಚಿ ಅನ್ನುತ್ತಿದ್ದರೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚ ಕೊಟ್ಟು ನೋಡಿ. ಎಳನೀರು ಕಣ್ಣೆದುರೇ ಕೊಚ್ಚಿಸಿ ಆಗಲೇ ಕುಡಿಯಲಿ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ. ಬಾಳೆಹಣ್ಣಿನಂತೆ ಸಿಪ್ಪೆ ಸುಲಿಯುವ ಹಣ್ಣು ಸರಿ, ಆಸ್ಪತ್ರೆ ಗೇಟಿನಲ್ಲಿ ಹೆಚ್ಚಿಟ್ಟ ಪಪ್ಪಾಯ ಬೇಡವೇ ಬೇಡ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಪಡೆದವರಿಗೆ ಮಾತ್ರ ಕೆಲವು ದಿನ ತಣ್ಣನೆಯದು ಕೂಡದು: ಫ್ರಿಜ್ ನೀರು ಗಂಟಲಲ್ಲಿ ಚುಚ್ಚಿದಂತಾಗುತ್ತದೆ, ಬೆರಳು ಜುಮ್ಮೆನ್ನುತ್ತವೆ.

ಪ್ರಶ್ನೆ: ಕೀಮೋ ಆಗಿ ಹತ್ತನೇ ದಿನ 101 ಡಿಗ್ರಿ ಜ್ವರ. ಪ್ಯಾರಾಸಿಟಮಾಲ್‌ಗೆ ಇಳಿದಿದೆ. ನಾಳೆಯವರೆಗೆ ನೋಡಬಹುದೇ? (ಓದುಗರು, ತೀರ್ಥಹಳ್ಳಿ)

ಬೇಡ. ಪತ್ರಿಕೆಗೆ ಬರೆದು ಕಾಯುವ ವಿಷಯವೂ ಇದಲ್ಲ. ನಿಮಗೆ ಫೋನಿನಲ್ಲಿ ಆಗಲೇ ಹೇಳಿದ್ದೇವೆ, ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ. ಬಹಳಷ್ಟು ಕೀಮೋಗಳಲ್ಲಿ ಏಳರಿಂದ ಹದಿನಾಲ್ಕನೇ ದಿನದೊಳಗೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಕೀವು ಆಗುವುದೂ ಆ ಕಣಗಳಿಂದಲೇ. ಅವೇ ಇಲ್ಲದಾಗ ಒಳಗೆ ಸೋಂಕಿದ್ದರೂ ಹೊರಗೆ ಜ್ವರವೊಂದೇ ಗುರುತು, ಅದನ್ನೂ ಮಾತ್ರೆ ಅಳಿಸಿಬಿಡುತ್ತದೆ. 100.4 ಡಿಗ್ರಿ ಮುಟ್ಟಿದರೆ, ಅಥವಾ ಜ್ವರವಿಲ್ಲದೆ ಚಳಿ ನಡುಕ ಬಂದರೂ, ನಡುರಾತ್ರಿಯಾದರೂ ಸರಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ಹೊರಡುವಾಗಲೇ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ. ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲದೆ ಕ್ಯಾಶುವಾಲ್ಟಿಗೆ ಹೋಗಿ ‘ಕೀಮೋ ಆಗಿ ಹತ್ತು ದಿನ, ಜ್ವರ’ ಎಂಬಷ್ಟನ್ನೇ ಮೊದಲು ಹೇಳಿ. ತಲುಪಿದ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್ ಬೀಳಬೇಕು. ಪ್ಲೇಟ್‌ಲೆಟ್ ಎಷ್ಟಿದೆಯೆಂದು ನೋಡದೆ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ.

ಪ್ರಶ್ನೆ: ಕೀಮೋ ಆದವರನ್ನು ಮುಟ್ಟಿದರೆ ಮಕ್ಕಳಿಗೆ ತೊಂದರೆಯೇ? (ಓದುಗರು, ಕಲಬುರಗಿ)

ಮುಟ್ಟಿದರೆ, ತಬ್ಬಿಕೊಂಡರೆ ಏನೂ ಆಗದು. ಮೊದಲ 48 ಗಂಟೆ ಮೂತ್ರ, ಮಲ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ, ಎಚ್ಚರ ಬೇಕಾದದ್ದು ಅಲ್ಲಿ. ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಿ. ಬೆಡ್‌ಪ್ಯಾನ್ ಎತ್ತುವವರು ಗ್ಲೌಸ್ ಹಾಕಿಕೊಳ್ಳಲಿ, ಕೊಳೆಯಾದ ಬಟ್ಟೆ ಬೇರೆಯಾಗಿ ಒಗೆಯಿರಿ. ಮನೆಯಲ್ಲಿ ಬಸುರಿ ಇದ್ದರೆ ಆ ಕೆಲಸ ಆಕೆಗೆ ಬೇಡ.