ತಪ್ಪು ಮಾಡಿದ ಶಾಸಕರಿಗೆ ನಮಗಿಂತ ಜಾಸ್ತಿ ಶಿಕ್ಷೆ ಇರಬೇಕಾ?

ಕಾನೂನು ಮಾಡುವವರೇ ಅದನ್ನು ಮುರಿದರೆ ಎರಡು ಪಟ್ಟು ಶಿಕ್ಷೆ ಆಗಬೇಕಲ್ವಾ ಅಂತ ಕೇಳಿದ್ದೀರಿ. ನಿಮ್ಮ ಸಿಟ್ಟು ನನಗೂ ಇದೆ. ಆದರೆ ಜೈಲಿನ ವರ್ಷ ಜಾಸ್ತಿ ಮಾಡಿ ಪ್ರಯೋಜನವಿಲ್ಲ ಅನ್ನಿಸುತ್ತದೆ. ಲಂಚ ತಗೊಂಡರೆ ಈಗಲೂ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ 3ರಿಂದ 7 ವರ್ಷ ಜೈಲಿದೆ. ಅಲ್ಲಿಯವರೆಗೆ ಕೇಸು ಮುಟ್ಟುವುದೇ ಕಷ್ಟ.

1993ರಲ್ಲಿ ನರಸಿಂಹ ರಾವ್ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ ಬಂದಿತ್ತು. ಸರ್ಕಾರ ಉಳಿಸಲು ಕೆಲವು ಸಂಸದರು ಹಣ ಪಡೆದರೆಂಬ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1998ರ ಆ ತೀರ್ಪಿನ ಬಗ್ಗೆ ಮೊದಲ ಸಲ ಓದಿದಾಗ ನಾನೇ ತಪ್ಪಾಗಿ ಓದಿದೆನೇನೋ ಅಂದುಕೊಂಡೆ. ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಓಟಿಗೆ ಸಂಸದರ ಮೇಲೆ ಕೋರ್ಟಿನಲ್ಲಿ ಕೇಸು ಹಾಕುವಂತಿಲ್ಲ ಎನ್ನುತ್ತದೆ ಸಂವಿಧಾನದ 105ನೇ ವಿಧಿ. ಹಣ ಪಡೆದು ಓಟು ಹಾಕಿದವರಿಗೂ ಆ ರಕ್ಷಣೆ ಇದೆಯಂತೆ. ಹಣ ಪಡೆದೂ ಓಟು ಹಾಕಲಿಲ್ಲ ಎಂಬ ಆರೋಪ ಹೊತ್ತವರಿಗೆ ಮಾತ್ರ ಆ ರಕ್ಷಣೆ ಸಿಗಲಿಲ್ಲ. ಹೇಳಿದ ಕೆಲಸ ಮಾಡಿಕೊಟ್ಟವರೇ ಪಾರಾದರು! ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ತಳ್ಳಿಹಾಕಿದ್ದು 2024ರ ಮಾರ್ಚ್‌ನಲ್ಲಿ. ಇಪ್ಪತ್ತಾರು ವರ್ಷ ಆ ಬಾಗಿಲು ತೆರೆದೇ ಇತ್ತು.

ನನ್ನ ಪ್ರಕಾರ ಸರಿಯಾದ ಶಿಕ್ಷೆ ಎಂದರೆ ಕುರ್ಚಿ ಹೋಗುವುದು. ತಪ್ಪು ಮಾಡಲು ಬಳಸಿದ್ದು ಆ ಕುರ್ಚಿಯನ್ನೇ ತಾನೇ? 2013ರ ಜುಲೈವರೆಗೆ, ಅಪರಾಧ ಸಾಬೀತಾದರೂ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿದರೆ ಸಾಕಿತ್ತು, ಹಾಯಾಗಿ ಸದನದಲ್ಲಿ ಕೂರಬಹುದಿತ್ತು. ಸುಪ್ರೀಂ ಕೋರ್ಟ್ ಆ ಸೌಲಭ್ಯ ರದ್ದು ಮಾಡಿತು. ಈಗ ಭ್ರಷ್ಟಾಚಾರದ ಕೇಸಿನಲ್ಲಿ ಬರೀ ದಂಡ ಬಿದ್ದರೂ ಆರು ವರ್ಷ ಅನರ್ಹತೆ. ಜೈಲಾದರೆ, ಬಿಡುಗಡೆಯಾದ ಮೇಲೂ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಇದು ನನಗೆ ನಿಜಕ್ಕೂ ಒಪ್ಪಿಗೆ.

ಆದರೆ ತೀರ್ಪು ಬರಬೇಕಲ್ಲ. ದನಗಳ ಮೇವಿನ ಹೆಸರಲ್ಲಿ ಬಿಹಾರದ ಖಜಾನೆಯ ಹಣ ನುಂಗಿದ ಮೇವು ಹಗರಣ ಬಯಲಾಗಿದ್ದು 1996ರಲ್ಲಿ. ಆಗ ಅಲ್ಲಿ ಮುಖ್ಯಮಂತ್ರಿಯಾಗಿದ್ದ ಲಾಲು ಪ್ರಸಾದ್ ಯಾದವ್ ಅಪರಾಧಿ ಎಂದು ಸಾಬೀತಾಗಿ ಲೋಕಸಭಾ ಸ್ಥಾನ ಕಳೆದುಕೊಂಡಿದ್ದು 2013ರಲ್ಲಿ. ನಡುವೆ ಎಷ್ಟು ಚುನಾವಣೆ ಬಂದು ಹೋದವು!

ಹಾಗಂತ ಕೇಸು ಬಿದ್ದ ಕೂಡಲೇ ಅನರ್ಹ ಮಾಡಿ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಪೊಲೀಸರು ಇರುವುದು ಸರ್ಕಾರದ ಕೈಯಲ್ಲಿ. ವಿರೋಧ ಪಕ್ಷದವರನ್ನು ಮುಗಿಸಲು ಒಂದು ಎಫ್‌ಐಆರ್ ಸಾಕಾಗಿಬಿಡುತ್ತದೆ. ಕೋರ್ಟು ಆರೋಪ ನಿಗದಿ ಮಾಡಿದ ಒಂದು ವರ್ಷದೊಳಗೆ ಶಾಸಕರು, ಸಂಸದರ ವಿಚಾರಣೆ ಮುಗಿಸಿ ಎಂದು 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದೊಂದನ್ನು ಪಾಲಿಸಿದರೆ ಕಳ್ಳರು ಬೇಗ ಮನೆಗೆ ಹೋಗುತ್ತಾರೆ. ಸುಮ್ನೆ ಸಿಕ್ಕಿಹಾಕಿಸಿದವರಿಗೂ ಹದಿನೇಳು ವರ್ಷ ಕಳಂಕ ಹೊತ್ತು ತಿರುಗುವುದು ತಪ್ಪುತ್ತದೆ.